ಕಣಜಕ್ಕೂ ಒಂದು ತಳಿಚೀಟಿ ಬೇಕು

ಕಳೆದ ಏಪ್ರಿಲ್ ತಿಂಗಳ ಒಂದು ಮಧ್ಯಾಹ್ನ ಊಟ ಮುಗಿಸಿ ಪಡಸಾಲೆಯಲ್ಲಿ ಅಡ್ಡಾಗಿದ್ದೆ. ನನ್ನ ಹಳೆಯ ವಿದ್ಯಾರ್ಥಿಯೊಬ್ಬ ಬಂದು ಬಾಗಿಲಲ್ಲಿ ನಿಂತ. ರಾಮದುರ್ಗದ ಕಡೆಯ ಹಳ್ಳಿಯವನು. ಮಲಪ್ರಭೆಯ ದಂಡೆಗೆ ನಾಲ್ಕು ಎಕರೆ ಕಬ್ಬು ಹಚ್ಚಿದ್ದಾನೆ. ಅವನ ಕೈಯಲ್ಲಿ ಒಂದು ಪ್ಲಾಸ್ಟಿಕ್ ಚೀಲ, ಚೀಲದಲ್ಲಿ ಅಂಚೆಕಾರ್ಡಿನ ಅಳತೆಯ ನಾಲ್ಕು ರಟ್ಟಿನ ತುಂಡುಗಳು. ಪ್ರತಿಯೊಂದರ ಮೇಲೂ ಗಸಗಸೆ ಅಂಟಿಸಿದಂತೆ ಕಪ್ಪು ಚುಕ್ಕೆಗಳು. "ಸರ, ಇವು ಜೀವಂತ ಅದಾವೋ ಸತ್ತಾವೋ ನೀವ ಒಂದೀಟು ನೋಡಿ ಹೇಳ್ರಿ" ಎಂದ.

ನಿವೃತ್ತಿಯ ದಿನ ಮಕ್ಕಳು ಕೊಟ್ಟ ಭೂತಗನ್ನಡಿಯೊಂದು ನನ್ನ ಬಳಿ ಇದೆ. ಅದನ್ನು ಹಿಡಿದು ಬೆಳಕಿಗೆ ಬಂದು ಕುಳಿತೆ. ಚುಕ್ಕೆಗಳಲ್ಲಿ ಬಹುಪಾಲಿನವು ಆಗಲೇ ತೂತು ಬಿದ್ದಿದ್ದವು. ಚೀಲದ ಮೂಲೆಯಲ್ಲಿ ಒಂದಿಷ್ಟು ಕಪ್ಪು ಹುಡಿ ಸೇರಿತ್ತು. ಕನ್ನಡಿಯಲ್ಲಿ ನೋಡಿದರೆ ಆ ಹುಡಿಗೆ ರೆಕ್ಕೆಗಳಿದ್ದವು. ಎರಡು ದಿನ ಬಸ್ಸಿನ ಪಾರ್ಸೆಲ್ಲಿನಲ್ಲಿ, ನಲವತ್ತರ ಹತ್ತಿರದ ಬಿಸಿಲಿನಲ್ಲಿ ಬಂದ ಜೀವಗಳು ಹಾದಿಯಲ್ಲಿಯೇ ಹುಟ್ಟಿ ಹಾದಿಯಲ್ಲಿಯೇ ಸತ್ತಿದ್ದವು. ಹೇಳಿದೆ. ಅವನು ಬೈಯಲಿಲ್ಲ, ಬೇಸರವನ್ನೂ ತೋರಿಸಲಿಲ್ಲ. "ಹೋಗ್ಲಿ ಬಿಡ್ರಿ ಸರ, ಮತ್ತ ಎಣ್ಣಿನ ಹೊಡದ್ರಾತು" ಎಂದು ಎದ್ದ.

ನಮ್ಮ ಸೀಮೆಯಲ್ಲಿ ಕೀಟನಾಶಕಕ್ಕೆ ಎಣ್ಣೆ ಎನ್ನುತ್ತಾರೆ; ತುಸು ಓದಿದವರು ಔಷಧ ಎನ್ನುತ್ತಾರೆ. ವಿಷ ಎಂದು ಕರೆಯುವವರನ್ನು ನಾನು ಕಂಡಿಲ್ಲ. ಅವನು ಹೋದ ಮೇಲೆ ಬಹಳ ಹೊತ್ತು ಆ ಹುಡಿಯನ್ನು ನೋಡುತ್ತ ಕುಳಿತೆ. ಒಬ್ಬ ರೈತ ವಿಷವನ್ನು ಬಿಡಬೇಕೆಂದು ತಾನಾಗಿ ಮನಸ್ಸು ಮಾಡಿ, ಹಣ ಕೊಟ್ಟು, ದಾರಿ ಕಾದು, ನಾಲ್ಕು ಕಾರ್ಡು ಸತ್ತು ಬಂದವೆಂಬ ಕಾರಣಕ್ಕೆ ಪಂಪಿನ ಕಡೆಗೆ ಮರಳಿದ. ಅವನಿಗೆ ಉಪದೇಶ ಮಾಡುವ ಬಾಯಿ ನನಗಿರಲಿಲ್ಲ. ಅದೇಕೆಂಬುದನ್ನು ಮುಂದೆ ಹೇಳುತ್ತೇನೆ.

ಓದುಗರಲ್ಲಿ ಕೆಲವರಿಗೆ ಈ ಕಾರ್ಡಿನ ಪರಿಚಯ ಇರಲಾರದು. ಟ್ರೈಕೊಗ್ರಾಮ ಎಂಬುದು ಹೆಚ್ಚೆಂದರೆ ಅರ್ಧ ಮಿಲಿಮೀಟರ್ ಉದ್ದದ ಒಂದು ಕಣಜ. (ನಮ್ಮ ಭಾಷೆಯಲ್ಲಿ ಕಾಳು ತುಂಬಿಡುವ ಉಗ್ರಾಣಕ್ಕೂ ಕಣಜವೆಂದೇ ಹೆಸರು. ಈ ಕಣಜ ಆ ಕಣಜವನ್ನು ಕಾಯುತ್ತದೆ ಎಂದು ತರಗತಿಯಲ್ಲಿ ಹೇಳಿ ನಾನೊಬ್ಬನೇ ನಗುತ್ತಿದ್ದೆ.) ಪತಂಗವು ಎಲೆಯ ಮೇಲೆ ಇಟ್ಟ ಮೊಟ್ಟೆಯನ್ನು ಹುಡುಕಿ ಅದರೊಳಗೆ ತನ್ನ ಮೊಟ್ಟೆಯನ್ನು ಇಡುವುದು ಇದರ ಕಸುಬು. ಕೀಡೆ ಹೊರಬರಬೇಕಾದ ಮೊಟ್ಟೆಯಿಂದ ಕಣಜ ಹೊರಬರುತ್ತದೆ. ಬೆಳೆಯನ್ನು ತಿನ್ನುವ ಬಾಯಿ ಮೂಡುವ ಮೊದಲೇ ವೈರಿಯ ಕಥೆ ಮುಗಿಯುತ್ತದೆ. ಪ್ರಯೋಗಾಲಯದಲ್ಲಿ ಇದನ್ನು ಸಾಕುವ ಬಗೆಯೂ ಸ್ವಾರಸ್ಯವಾಗಿದೆ. ನಮ್ಮ ಮನೆಗಳ ನುಚ್ಚಿನ ಡಬ್ಬಿಯಲ್ಲಿ ಬಲೆ ಕಟ್ಟುವ ಅಕ್ಕಿಪತಂಗ ಇದೆಯಲ್ಲ, ಅದನ್ನೇ ಜೋಳದ ನುಚ್ಚಿನಲ್ಲಿ ಬೆಳೆಸಿ, ಅದರ ಮೊಟ್ಟೆಗಳನ್ನು ಅಂಟಿನಿಂದ ರಟ್ಟಿಗೆ ಹಚ್ಚಿ, ಮರಿಯಾಗದಂತೆ ಅತಿನೇರಳೆ ಬೆಳಕಿಗೆ ಹಿಡಿದು, ಬಳಿಕ ಕಣಜಗಳಿಗೆ ಒಪ್ಪಿಸುತ್ತಾರೆ. ಮೂರು ನಾಲ್ಕು ದಿನಗಳಲ್ಲಿ ಮೊಟ್ಟೆ ಕಪ್ಪಾಗುತ್ತದೆ, ಏಳೆಂಟು ದಿನಗಳಲ್ಲಿ ಹೊಸ ಕಣಜ ಹೊರಬರುತ್ತದೆ. ಒಂದು ಕಾರ್ಡಿನಲ್ಲಿ ಸುಮಾರು 20000 ಮೊಟ್ಟೆಗಳು. ಕಾರ್ಡನ್ನು ಪಟ್ಟಿಗಳಾಗಿ ಕತ್ತರಿಸಿ, ಹೊತ್ತು ಇಳಿದ ಮೇಲೆ ಎಲೆಯ ತಳಕ್ಕೆ ಚುಚ್ಚಬೇಕು.

ತೊಡಕು ಇರುವುದು ಕಾಲದಲ್ಲಿ. ಕಬ್ಬಿನ ಎಳೆಯ ಸುಳಿಯನ್ನು ಕೊರೆಯುವ ಹುಳುವಿನ ಹಾವಳಿ ನಮ್ಮಲ್ಲಿ ಮಾರ್ಚಿಯಿಂದ ಮೇ ತಿಂಗಳವರೆಗೆ, ಅಂದರೆ ಬಿಸಿಲು ಅತಿ ಖಾರವಾಗಿರುವಾಗ. ಆ ಬಿಸಿಲು ಕೊರಕನಿಗೆ ಹಬ್ಬ; ಕಣಜಕ್ಕೆ ಮೃತ್ಯು. ಮೂವತ್ತೈದು ಡಿಗ್ರಿ ದಾಟಿದರೆ ಸಾಮಾನ್ಯ ಟ್ರೈಕೊಗ್ರಾಮ ಸೊರಗುತ್ತದೆ, ಬೇಗ ಸಾಯುತ್ತದೆ, ಹುಡುಕಾಟವನ್ನು ನಿಲ್ಲಿಸುತ್ತದೆ. ಕಾವಲುಗಾರನ ಅಗತ್ಯ ಅತಿ ಹೆಚ್ಚಾಗಿರುವ ತಿಂಗಳುಗಳಲ್ಲಿಯೇ ಕಾವಲುಗಾರ ಮೂರ್ಛೆ ಹೋಗುತ್ತಾನೆ. ಇದಕ್ಕೆ ಹಳಿಯಬೇಕಾದದ್ದು ಆ ಜೀವವನ್ನಲ್ಲ. ನಾವು ಅದನ್ನು ಆರಿಸಿ ಬೆಳೆಸಲಿಲ್ಲ; ಬೆಳೆಸಿದ ತಳಿಯನ್ನು ರೈತನ ಕೈಗೆ ಹೆಸರು ಹೇಳಿ ಮುಟ್ಟಿಸಲಿಲ್ಲ. ಎತ್ತಿಗೆ, ಜೋಳಕ್ಕೆ, ಹತ್ತಿಗೆ ಹೇಗೆ ತಳಿ ನೋಡುತ್ತೇವೆಯೋ ಹಾಗೆಯೇ ಬೆಳೆ ಕಾಯುವ ಕೀಟಕ್ಕೂ ತಳಿ ನೋಡಬೇಕು, ಅದಕ್ಕೂ ಚೀಟಿ ಇರಬೇಕು, ಮತ್ತು ಆ ತಳಿಯನ್ನು ನಮ್ಮ ಬಿಸಿಲಿಗೆ ಬೆಳೆಸಬೇಕೇ ಹೊರತು ನಮ್ಮ ವಿಷಕ್ಕಲ್ಲ ಎಂಬುದು ನನ್ನ ಅಭಿಮತ. ನಾನು ಕೃಷಿ ವಿಜ್ಞಾನಿಯಲ್ಲ. ಮೂವತ್ತಕ್ಕೂ ಹೆಚ್ಚು ವರ್ಷ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸಿದ ಮಾಸ್ತರ ಮಾತ್ರ. ಅದರಲ್ಲೂ ಒಮ್ಮೆ ತಪ್ಪು ಕಲಿಸಿದ ಮಾಸ್ತರ.

ಆ ಕಥೆ 2003ರದು. ಅದರ ಹಿಂದಿನ ವರ್ಷ, 2002ರ ಜುಲೈದಲ್ಲಿ, ಮಹಾರಾಷ್ಟ್ರದ ಸಾಂಗ್ಲಿ ಜಿಲ್ಲೆಯ ಕಬ್ಬಿನಲ್ಲಿ ಬಿಳಿ ಉಣ್ಣೆ ಹೇನು ಕಾಣಿಸಿಕೊಂಡಿತು. ಅಲ್ಲಿಯವರೆಗೆ ಈಶಾನ್ಯ ಭಾರತದ ಕಡೆಗೆ ಮಾತ್ರ ಇದ್ದ ಹೇನು ಅದು. ಕೆಲವೇ ತಿಂಗಳುಗಳಲ್ಲಿ ಕೃಷ್ಣೆಯ ಬಯಲನ್ನು ದಾಟಿ ಬೆಳಗಾವಿ, ಬಾಗಲಕೋಟೆ ಜಿಲ್ಲೆಗಳಿಗೆ ಇಳಿಯಿತು. ಎಲೆಯ ಅಡಿಯಲ್ಲಿ ಅರಳೆ ಮೆತ್ತಿದಂತೆ ಬೆಳ್ಳಗೆ. ಅದರ ಅಂಟು ಕೆಳಗಿನ ಎಲೆಗಳ ಮೇಲೆ ತೊಟ್ಟಿಕ್ಕಿ, ಅದರ ಮೇಲೆ ಮಸಿಯಂಥ ಬೂಷ್ಟು ಬೆಳೆದು, ಹೊಲಕ್ಕೆ ಹೊಲವೇ ಒಲೆಯಿಂದ ತೆಗೆದಂತೆ ಕಾಣುತ್ತಿತ್ತು. ಒಳಗೆ ಹೋಗಿ ಬಂದವರ ಅಂಗಿ ತೋಳು ಬೆಲ್ಲದ ಪಾಕದಲ್ಲಿ ಅದ್ದಿದ ಹಾಗೆ.

ಬೈಲಹೊಂಗಲ ಭಾಗದಲ್ಲಿರುವ ನನ್ನ ಚಿಕ್ಕಪ್ಪನ ಮಗ ನನ್ನನ್ನು ಹೊಲಕ್ಕೆ ಕರೆದೊಯ್ದ. "ಅಣ್ಣಾ, ನೀ ವಿಜ್ಞಾನ ಮಾಸ್ತರ ಅದಿ, ಹೇಳು" ಎಂದ. ಎಲೆ ಮಗುಚಿ ನೋಡಿದೆ. ಉಣ್ಣೆಯ ನಡುವೆ ಜೇಡರ ಬಲೆಯಂಥ ನೂಲು, ನೂಲಿನೊಳಗೆ ಬೂದು ಹಸಿರು ಬಣ್ಣದ ಸಣ್ಣ ಕೀಡೆಗಳು. ಹೇನಿನ ಜೊತೆಗೆ ಕೀಡೆಯೂ ಬಿದ್ದಿದೆಯೆಂದು ತೀರ್ಮಾನಿಸಿ, ತಡಮಾಡದೆ ಹೊಡಿಸು ಎಂದೆ. ಕೀಡೆ ಎಂದರೆ ಬೆಳೆ ತಿನ್ನುವುದು. ನಾನು ಕಲಿತದ್ದು ಅದು, ಮಕ್ಕಳಿಗೆ ಕಲಿಸಿದ್ದೂ ಅದು. ಅವನು ಆಳೆತ್ತರದ ಕಬ್ಬಿನಲ್ಲಿ ನುಗ್ಗಿ ಮುಖದ ಮೇಲೆಯೇ ತುಂತುರು ಬೀಳಿಸಿಕೊಂಡು ಎರಡು ಸಲ ಹೊಡೆದ. ಎರಡನೆಯ ಸಲ ಹೊಡೆದ ರಾತ್ರಿ ವಾಂತಿ ಮಾಡಿಕೊಂಡು ದವಾಖಾನೆ ಸೇರಿದ. ಮೂರು ದಿನದಲ್ಲಿ ಎದ್ದು ಬಂದ, ದೇವರು ದೊಡ್ಡವನು. ಹೇನು ಮಾತ್ರ ಮೂರು ವಾರಗಳಲ್ಲಿ ಮೊದಲಿಗಿಂತ ದಟ್ಟವಾಗಿ ತಿರುಗಿ ಬಂತು.

ಆ ಕೀಡೆಯ ಹೆಸರು ಡೈಫಾ ಅಫಿಡಿವೊರ ಎಂದು ನನಗೆ ತಿಳಿದದ್ದು ಅದೇ ವರ್ಷದ ಕೊನೆಗೆ, ಧಾರವಾಡದ ಕೃಷಿ ಮೇಳದಲ್ಲಿ ಹಚ್ಚಿದ್ದ ಒಂದು ಫಲಕವನ್ನು ಓದಿದಾಗ. ಅದು ಪತಂಗದ ಮರಿಯೇ ಹೌದು. ಆದರೆ ಕಬ್ಬಿನ ಎಲೆಯನ್ನು ಮುಟ್ಟುವುದಿಲ್ಲ; ಉಣ್ಣೆ ಹೇನನ್ನು ತಿಂದೇ ಬದುಕುತ್ತದೆ. ಫಲಕದ ಮುಂದೆ ನಿಂತಿದ್ದ ನನಗೆ ಕಿವಿ ಬಿಸಿಯಾಯಿತು. ಆ ಹೊಲದಲ್ಲಿ ನಮ್ಮ ಪರವಾಗಿ ದುಡಿಯುತ್ತಿದ್ದ ಏಕೈಕ ಆಳನ್ನು ನಾನೇ ಕೊಲ್ಲಿಸಿದ್ದೆ, ಅದಕ್ಕಾಗಿ ತಮ್ಮನನ್ನು ದವಾಖಾನೆಗೆ ಕಳಿಸಿದ್ದೆ. ಮುಂದಿನ ಎರಡು ಮೂರು ವರ್ಷಗಳಲ್ಲಿ ಆ ಪಿಡುಗನ್ನು ಇಳಿಸಿದ್ದು ಈ ಡೈಫಾ, ಮೈಕ್ರೋಮಸ್ ಎಂಬ ಕಂದು ಜಾಲರೆಕ್ಕೆಯ ಕೀಟ, ಮತ್ತು ಈಶಾನ್ಯದಿಂದ ತಂದು ಬಿಟ್ಟ ಎನ್ಕಾರ್ಸಿಯ ಎಂಬ ಸಣ್ಣ ಕಣಜ. ಧಾರವಾಡದ ಕೃಷಿ ವಿಶ್ವವಿದ್ಯಾಲಯದವರೂ ಬೆಂಗಳೂರಿನ ಜೈವಿಕ ನಿಯಂತ್ರಣ ನಿರ್ದೇಶನಾಲಯದವರೂ ಅವುಗಳನ್ನು ಸಾಕಿ ರೈತರಿಗೆ ಹಂಚಿದರು. ಹೇನು ಇದ್ದ ಎಲೆಗಳನ್ನೇ ಕೊಯ್ದು ಒಂದು ಹೊಲದಿಂದ ಇನ್ನೊಂದಕ್ಕೆ ಕೀಡೆ ಸಾಗಿಸಿದ ರೈತರೂ ಇದ್ದರು. ನನ್ನ ತಮ್ಮ ಅವರಲ್ಲಿ ಒಬ್ಬ. ಈ ವಿಷಯದಲ್ಲಿ ಅವನು ಮತ್ತೆ ನನ್ನ ಸಲಹೆ ಕೇಳಲಿಲ್ಲ.

ಇನ್ನು ತಳಿಯ ಮಾತಿಗೆ ಬರುತ್ತೇನೆ. ತಳಿ ಎಂದರೇನೆಂದು ನಮ್ಮ ನಾಲ್ಕು ತಾಲೂಕುಗಳ ಜನಕ್ಕೆ ಯಾರೂ ಹೇಳಿಕೊಡಬೇಕಾಗಿಲ್ಲ. ಕಿಲಾರಿ ಹೋರಿ ಕೊಳ್ಳುವವನು ಕೊಂಬು, ಗೊರಸು, ಮೈಮೇಲಿನ ಸುಳಿ, ಬಾಲದ ಕುಚ್ಚು ಇಷ್ಟನ್ನೂ ನೋಡಿ ತಾಯಿ ಯಾವುದೆಂದು ಕೇಳುತ್ತಾನೆ. ನನ್ನ ಅಜ್ಜಿ ಜೋಳದ ಸುಗ್ಗಿಯಲ್ಲಿ ಕಣದ ಮೂಲೆಗೆ ಕುಳಿತು ಬೀಜದ ತೆನೆಗಳನ್ನು ಬೇರೆ ಆರಿಸುತ್ತಿದ್ದಳು. ಆ ಗುಂಪನ್ನು ಮುಟ್ಟಿದ ಮೊಮ್ಮಕ್ಕಳಿಗೆ ಏಟು ಬೀಳುತ್ತಿತ್ತು. 1972ರಲ್ಲಿ ವರಲಕ್ಷ್ಮಿ ಹತ್ತಿ, 1981ರಲ್ಲಿ ಡಿಸಿಎಚ್-32, ಎರಡೂ ನಮ್ಮ ಪಕ್ಕದ ಧಾರವಾಡದಲ್ಲಿ ಹುಟ್ಟಿ ಬೈಲಹೊಂಗಲ, ಸವದತ್ತಿಯ ಎರೆ ಭೂಮಿಯನ್ನು ಬೆಳ್ಳಗೆ ಮಾಡಿದವು. ಎಳೆ ಉದ್ದವಾಯಿತು, ದುಡ್ಡು ಬಂತು, ಅದರ ಬೆನ್ನಿಗೆ ಕಾಯಿಕೊರಕವೂ ಬಂತು, ಎಣ್ಣೆಯ ಡಬ್ಬಿಗಳೂ ಬಂದವು. ಬೆಳೆಯ ತಳಿ ಸುಧಾರಿಸುವುದಕ್ಕೆ ಇಷ್ಟು ಬುದ್ಧಿ ಖರ್ಚು ಮಾಡಿದ ನಾವು ಅದನ್ನು ಕಾಯುವವನ ತಳಿಯನ್ನು ಕಾಡಿಗೇ ಬಿಟ್ಟೆವು.

ಕೀಟದ ತಳಿ ಸುಧಾರಣೆ ಎತ್ತಿನದಕ್ಕಿಂತ ಸುಲಭವೆಂದರೆ ನೀವು ನಂಬಲಿಕ್ಕಿಲ್ಲ. ಒಂದು ಹೋರಿಯ ಗುಣ ಮೂರನೆಯ ತಲೆಮಾರಿನಲ್ಲಿ ನಿಂತಿತೋ ಇಲ್ಲವೋ ನೋಡಲು ಹತ್ತು ಹನ್ನೆರಡು ವರ್ಷ ಬೇಕು. ಟ್ರೈಕೊಗ್ರಾಮಕ್ಕೆ ಎಂಟು ಹತ್ತು ದಿನಕ್ಕೊಂದು ತಲೆಮಾರು. ವರ್ಷಕ್ಕೆ ಮೂವತ್ತೈದು ಎಂದರೂ ಕಡಿಮೆಯಾಯಿತು. ಇನ್ನೊಂದು ವಿಶೇಷವಿದೆ. ಜೇನುಹುಳುವಿನಲ್ಲಿ ಇರುವಂತೆ ಈ ಕಣಜಗಳಲ್ಲಿಯೂ ಗಂಡಿಗೆ ತಂದೆಯಿಲ್ಲ. ಕೂಡಿಕೆಯಾಗದ ಮೊಟ್ಟೆಯಿಂದ ಗಂಡು, ಕೂಡಿಕೆಯಾದ ಮೊಟ್ಟೆಯಿಂದ ಹೆಣ್ಣು. ಗಂಡಿನಲ್ಲಿ ಒಂದೇ ಜೊತೆ ವರ್ಣತಂತುಗಳಿರುವುದರಿಂದ ದುರ್ಬಲ ಗುಣ ಅಡಗಿ ಕೂರಲು ಜಾಗವಿಲ್ಲ. ಬಲವಾಗಲಿ ದೌರ್ಬಲ್ಯವಾಗಲಿ ಆ ತಲೆಮಾರಿನಲ್ಲಿಯೇ ಬಯಲಾಗುತ್ತದೆ. ಬಿಸಿಲಿಗೆ ಹಿಡಿದು, ಉಳಿದವುಗಳಿಂದ ಸಂತತಿ ಪಡೆದು, ಮತ್ತೆ ತುಸು ಹೆಚ್ಚಿನ ಬಿಸಿಲಿಗೆ ಹಿಡಿದು ಹೀಗೆ ಹೋದರೆ ಕೆಲವೇ ವರ್ಷಗಳಲ್ಲಿ ಒಂದು ತಳಿ ನಿಲ್ಲುತ್ತದೆ. ಬೆಂಗಳೂರಿನ ಹೆಬ್ಬಾಳದಲ್ಲಿರುವ ಸಂಸ್ಥೆ ಇದನ್ನು ಮಾಡಿ ತೋರಿಸಿದೆ. 1993ರಲ್ಲಿ ಜೈವಿಕ ನಿಯಂತ್ರಣ ಯೋಜನಾ ನಿರ್ದೇಶನಾಲಯವೆಂದು ಆರಂಭವಾಗಿ, ಹೆಸರು ಬದಲಿಸುತ್ತ 2014ರಿಂದ ಕೃಷಿ ಕೀಟ ಸಂಪನ್ಮೂಲಗಳ ರಾಷ್ಟ್ರೀಯ ಬ್ಯೂರೋ ಆಗಿರುವ ಆ ಸಂಸ್ಥೆ ಹೆಚ್ಚಿನ ಉಷ್ಣತೆಯನ್ನು ತಾಳುವ ಟ್ರೈಕೊಗ್ರಾಮ ಕೈಲೋನಿಸ್ ತಳಿಯನ್ನು ಬೆಳೆಸಿತು.

ಆದರೆ ಅದೇ ಸಂಸ್ಥೆಯ ಇನ್ನೊಂದು ತಳಿಯ ಕಥೆಯನ್ನು ಓದುಗರು ಗಮನವಿಟ್ಟು ಕೇಳಬೇಕು. ಅದರ ಹೆಸರು ಎಂಡೋಗ್ರಾಮ್. ಎಂಡೋಸಲ್ಫಾನ್ ಸಿಂಪಡಿಸಿದರೂ ಸಾಯದಂತೆ ಆರಿಸಿ ಬೆಳೆಸಿದ ಟ್ರೈಕೊಗ್ರಾಮ. ಅದರ ಹಿಂದಿನ ಯೋಚನೆ ತಪ್ಪೆಂದು ಹೇಳಲಾರೆ. ರೈತ ಹೊಡೆಯುವುದನ್ನು ಒಮ್ಮೆಗೇ ಬಿಡುವುದಿಲ್ಲ. ಹೊಡೆದರೂ ಉಳಿಯುವ ಕಾವಲುಗಾರನನ್ನು ಕೊಟ್ಟರೆ ಹೊಡೆತ ತಾನಾಗಿ ಕಡಿಮೆಯಾದೀತು. ಅಮೆರಿಕದ ಕ್ಯಾಲಿಫೋರ್ನಿಯಾದಲ್ಲಿ ಮಾರ್ಜೊರಿ ಹೋಯ್ ಎಂಬ ವಿಜ್ಞಾನಿ ಇದೇ ತತ್ತ್ವದಿಂದ, ನುಸಿಗಳನ್ನು ತಿನ್ನುವ ಒಂದು ಬಗೆಯ ನುಸಿಗೆ ಕಾರ್ಬರಿಲ್ ಮುಂತಾದ ವಿಷಗಳನ್ನು ತಾಳುವ ಶಕ್ತಿ ಬರಿಸಿ, ಬಾದಾಮಿ ತೋಟಗಳಲ್ಲಿ ಬಿಟ್ಟು ಗೆದ್ದಿದ್ದರು. ಎಂಬತ್ತರ ದಶಕದ ಹೆಸರಾಂತ ಪ್ರಯೋಗವದು. ನಮ್ಮಲ್ಲಿ ಆದದ್ದು ಬೇರೆ. ಕಾಸರಗೋಡಿನಲ್ಲಿ, ನಮ್ಮದೇ ದಕ್ಷಿಣ ಕನ್ನಡದಲ್ಲಿ ಗೇರು ತೋಟಗಳ ಮೇಲೆ ಆಕಾಶದಿಂದ ಸುರಿದ ಎಂಡೋಸಲ್ಫಾನ್ ಎಂಥ ಮಕ್ಕಳನ್ನು ಉಳಿಸಿ ಹೋಯಿತೆಂಬುದನ್ನು ಪತ್ರಿಕೆಗಳಲ್ಲಿ ನೋಡಿದ್ದೀರಿ. 2011ರ ಆರಂಭದಲ್ಲಿ ಕರ್ನಾಟಕ ಸರ್ಕಾರ ಅದನ್ನು ತಡೆಯಿತು. ಅದೇ ವರ್ಷದ ಮೇ 13ರಂದು ಸರ್ವೋಚ್ಚ ನ್ಯಾಯಾಲಯ ದೇಶಕ್ಕೆಲ್ಲ ನಿಷೇಧ ವಿಧಿಸಿತು. ಆ ವಿಷಕ್ಕೆಂದೇ ಹದಗೊಳಿಸಿದ ಕಣಜದ ಮುಖ್ಯ ವಿದ್ಯೆಗೆ ಅಂದಿನಿಂದ ಕೆಲಸವಿಲ್ಲದಂತಾಯಿತು.

ವಿಷಗಳ ಆಯುಷ್ಯ ಇಷ್ಟೇ. ಒಂದು ಹೋಗಿ ಇನ್ನೊಂದು ಬರುತ್ತದೆ. ಅಂಗಡಿಯ ಕಪಾಟು ಪ್ರತಿ ಐದು ವರ್ಷಕ್ಕೆ ಬೇರೆಯದೇ ಬಣ್ಣ ತಾಳುತ್ತದೆ. ಪ್ರತಿ ಹೊಸ ಡಬ್ಬಿಗೂ ಒಂದು ಹೊಸ ತಳಿ ಮಾಡುತ್ತ ಹೋಗುವುದು ಓಡುವ ಬಂಡಿಯ ಹಿಂದೆ ಓಡಿದಂತೆ. ಬಿಸಿಲು ಹಾಗಲ್ಲ. ರಾಮದುರ್ಗದ ಏಪ್ರಿಲ್ ತಿಂಗಳನ್ನು ಯಾವ ನ್ಯಾಯಾಲಯವೂ ನಿಷೇಧಿಸಲಾರದು. ಬರುವ ವರ್ಷಗಳಲ್ಲಿ ಅದು ಏರಬಹುದೇ ಹೊರತು ಇಳಿಯಲಾರದು. ಬಿಸಿಲಿಗೆ ಬೆಳೆಸಿದ ತಳಿಯ ಶ್ರಮ ವ್ಯರ್ಥವಾಗುವ ಮಾತಿಲ್ಲ. ಮೇಲಾಗಿ ವಿಷ ತಾಳುವ ತಳಿಯಲ್ಲಿ ನನಗೊಂದು ನೈತಿಕ ಅಳುಕೂ ಇದೆ. ಕಣಜ ಸಾಯುವುದಿಲ್ಲ ಎಂಬ ಧೈರ್ಯದಿಂದ ಹೊಡೆಯುವವನ ಮೂಗು, ಬಾಯಿ, ಚರ್ಮ ಯಾವ ತಳಿಯದು? ನನ್ನ ತಮ್ಮನನ್ನು ಯಾರೂ ಆರಿಸಿ ಬೆಳೆಸಿರಲಿಲ್ಲ.

ಇಷ್ಟರಿಂದ ಎಲ್ಲವೂ ಸರಿಹೋಗುವುದೆಂದು ನಾನು ಹೇಳುತ್ತಿಲ್ಲ. ಪ್ರಯೋಗಾಲಯದ ತಳಿಗೆ ತನ್ನದೇ ಆದ ರೋಗವಿದೆ. ನೂರಾರು ತಲೆಮಾರು ಗಾಜಿನ ನಳಿಗೆಯಲ್ಲಿ, ಮೂಗಿನ ಮುಂದೆಯೇ ಅಂಟಿಸಿಟ್ಟ ಅಕ್ಕಿಪತಂಗದ ಮೊಟ್ಟೆಗಳ ಮೇಲೆ ಬೆಳೆದ ಕಣಜ ಹಾರುವುದನ್ನು, ಹುಡುಕುವುದನ್ನು ಮರೆಯುತ್ತದೆ. ಬೇಡಿದ್ದೆಲ್ಲ ತಟ್ಟೆಗೆ ಬರುವ ಮನೆಯ ಮಗ ಸಂತೆಗೆ ಹೋಗಿ ಬಾಳೆಕಾಯಿ ತರಲಾರನಲ್ಲ, ಹಾಗೆ. ಬೆಂಗಳೂರಿನಿಂದ ಬೇರೆ ಬೇರೆ ಪ್ರಯೋಗಾಲಯಗಳಿಗೆ ಮೂಲ ಸಂತತಿಯನ್ನು ಕಳಿಸುತ್ತಾರೆ. ಅಲ್ಲಿ ಅದನ್ನು ಹೆಚ್ಚಿಸಿ ಕಾರ್ಡು ಮಾಡುತ್ತಾರೆ. ನಮ್ಮ ಹೆಣ್ಣುಮಕ್ಕಳ ಭಾಷೆಯಲ್ಲಿ ಹೇಳುವುದಾದರೆ ಅದು ಹೆಪ್ಪು. ಒಂದೇ ಹೆಪ್ಪನ್ನು ಎಷ್ಟು ದಿನವೆಂದು ತಿರುತಿರುಗಿ ಹಾಕುವುದು? ಮೊಸರು ಲೋಳೆಯಾದಾಗ ನೆರೆಮನೆಯಿಂದ ಹೊಸ ಹೆಪ್ಪು ತರುತ್ತಾರೆ. ಕಣಜದ ಹೆಪ್ಪನ್ನೂ ಹೊಲದಿಂದ, ಅದೂ ನಮ್ಮ ಹೊಲದಿಂದ, ಆಗಾಗ ಹೊಸದಾಗಿ ತರಬೇಕು. ಏಪ್ರಿಲ್ ತಿಂಗಳ ಮಧ್ಯಾಹ್ನ ಸವದತ್ತಿಯ ಗುಡ್ಡದ ಕೆಳಗಿನ ಹೊಲವೊಂದರಲ್ಲಿ ಬದುಕಿ ಉಳಿದ ಕಣಜ ಆಗಲೇ ಅರ್ಧ ಪರೀಕ್ಷೆ ಪಾಸಾಗಿದೆ. ಪ್ರಕೃತಿ ಮಾಡಿದ ಆಯ್ಕೆಯಿಂದ ನಾವು ಆರಂಭಿಸಬೇಕು.

ಒಂದೇ ಜಿಲ್ಲೆಯ ನಾಲ್ಕು ತಾಲೂಕುಗಳು ಒಂದೇ ಅಲ್ಲವೆಂಬುದನ್ನೂ ನೆನಪಿಡಬೇಕು. ಕಿತ್ತೂರಿಗೆ ಘಟ್ಟದ ತಂಪು ತಾಕುತ್ತದೆ, ಭತ್ತ ಬೆಳೆಯುತ್ತಾರೆ. ಬೈಲಹೊಂಗಲದ್ದು ಎರೆಯ ಹದ. ಸವದತ್ತಿಯಲ್ಲಿ ನವಿಲುತೀರ್ಥದ ಕಾಲುವೆ ಮುಟ್ಟಿದಲ್ಲಿ ಒಂದು ಲೋಕ, ಮುಟ್ಟದಲ್ಲಿ ಇನ್ನೊಂದು. ರಾಮದುರ್ಗ ಬಿಸಿಲಿನ ಮನೆ. ಬೆಳೆಯಿಂದ ಬೆಳೆಗೂ ಲೆಕ್ಕ ಬೇರೆ. ಕಡಲೆಯನ್ನೇ ನೋಡಿ. ಚಳಿಗಾಲದ ನಸುಕಿನಲ್ಲಿ ಕಡಲೆ ಗಿಡದ ಮೇಲೆ ಬಟ್ಟೆ ಹಾಸಿ ಹುಳಿ ಹಿಂಡಿಕೊಳ್ಳುತ್ತಿದ್ದುದನ್ನು ಹಿರಿಯರು ಬಲ್ಲರು. ಆ ಹುಳಿಯಲ್ಲಿಯೂ ಎಲೆಯ ನವಿರಾದ ರೋಮಗಳಲ್ಲಿಯೂ ಸಿಕ್ಕು ಟ್ರೈಕೊಗ್ರಾಮ ನಿಷ್ಪ್ರಯೋಜಕವಾಗುತ್ತದೆ. ಕಬ್ಬಿನಲ್ಲಿ ಶೂರನಾದವನು ಕಡಲೆಯಲ್ಲಿ ಕಾಲು ಅಂಟಿ ಸಾಯುತ್ತಾನೆ. ಅಲ್ಲಿ ಕಾಯಿಕೊರಕಕ್ಕೆ ರೋಗ ತರುವ ನಂಜಾಣು ದ್ರಾವಣವೂ, ಹಕ್ಕಿಗಳೂ ಬೇಕು. ಒಂದೇ ಕಾರ್ಡನ್ನು ಎಲ್ಲ ಬೆಳೆಗೂ ಮಾರುವವರನ್ನು ನಾನು ಕಂಡಿದ್ದೇನೆ.

ಹಕ್ಕಿಯ ಮಾತು ಬಂದಾಗ ಕಿತ್ತೂರಿನ ನನ್ನ ಮಿತ್ರರೊಬ್ಬರ ಆಕ್ಷೇಪ ನೆನಪಾಗುತ್ತದೆ. ಅವರು ಸಹಜ ಕೃಷಿಯವರು. "ಮಾಸ್ತರ್ರ, ತಳಿ ಗಿಳಿ ಎಲ್ಲಾ ಯಾಕ? ಹೊಡಿಯೂದು ಬಿಟ್ರ ಸಾಕು, ಹುಳ ತಾವ ಬರ್ತಾವು. ನಮ್ಮ ಹಿರ್ಯಾರು ಚರಗಾ ಚೆಲ್ಲತಿದ್ದಿದ್ದು ಮತ್ತ್ಯಾಕ ಅಂತೀರಿ?" ಎನ್ನುತ್ತಾರೆ. ಸೀಗೆ ಹುಣ್ಣಿಮೆ, ಎಳ್ಳಮಾವಾಸ್ಯೆಗಳಲ್ಲಿ ಹೊಲದ ತುಂಬ ಎಡೆ ಚೆಲ್ಲುವುದರಿಂದ ಹಕ್ಕಿಗಳು ಇಳಿಯುತ್ತವೆ, ಇಳಿದ ಹಕ್ಕಿ ಕೀಡೆಯನ್ನೂ ಹೆಕ್ಕುತ್ತದೆ, ನಿಜ. ಕಡಲೆಯ ಹೊಲಕ್ಕೆ ಚುರುಮುರಿ ಎರಚಿ ಹಕ್ಕಿ ಕರೆಯುವುದನ್ನು ಕೃಷಿ ತಜ್ಞರೂ ಒಪ್ಪಿದ್ದಾರೆ. ಆದರೆ ಹಿರಿಯರು ಚರಗ ಚೆಲ್ಲಿದ್ದು ಭೂತಾಯಿಗೆ. ಕೀಟಶಾಸ್ತ್ರವನ್ನು ಅವರ ತಲೆಗೆ ಕಟ್ಟುವುದು ಅವರ ಭಕ್ತಿಗೂ ನಮ್ಮ ವಿಜ್ಞಾನಕ್ಕೂ ನ್ಯಾಯವಲ್ಲ. ಮಿತ್ರರ ಮೊದಲ ಮಾತಿನಲ್ಲಿ ಅರ್ಧ ಸತ್ಯವಿದೆ. ಹೊಡೆಯುವುದನ್ನು ಬಿಡದೆ ಯಾವ ತಳಿಯೂ ನಿಲ್ಲದು. ಉಳಿದರ್ಧದ ಬಗ್ಗೆ ನನ್ನ ತಕರಾರಿದೆ. 2018ರ ಮೇ ತಿಂಗಳಲ್ಲಿ ಶಿವಮೊಗ್ಗದ ಗೋವಿನಜೋಳದಲ್ಲಿ ಅಮೆರಿಕ ಮೂಲದ ಸೈನಿಕ ಹುಳು ದೇಶದಲ್ಲಿಯೇ ಮೊದಲ ಸಲ ಕಂಡಿತು. ನಮ್ಮ ಭಾಗದ ಗೋವಿನಜೋಳಕ್ಕೆ ಬರಲು ಅದು ಹೆಚ್ಚು ದಿನ ತೆಗೆದುಕೊಳ್ಳಲಿಲ್ಲ. ಉಣ್ಣೆ ಹೇನಿನ ಕಥೆಯೂ ಅದೇ. ವೈರಿ ಹೊರಗಿನಿಂದ ಬಂದಾಗ ಅದರ ವೈರಿಗಳೂ ತಾವಾಗಿ ಬರಲಿ ಎಂದು ಕಾಯುವಷ್ಟು ಉಳಿತಾಯ ನಮ್ಮ ರೈತನ ಮನೆಯಲ್ಲಿಲ್ಲ. ಮಿತ್ರರಿಗೆ ಪಿಂಚಣಿ ಬರುತ್ತದೆ, ನನಗೂ ಬರುತ್ತದೆ, ನಾವು ಕಾಯಬಹುದು.

ಅಪಾಯದ ಮಾತನ್ನೂ ಮುಚ್ಚಿಡಬಾರದು. ಹೇನು ತಿನ್ನಲೆಂದು ಏಷ್ಯಾದಿಂದ ಒಯ್ದ ಒಂದು ಗುಲಗಂಜಿ ಹುಳು ಯುರೋಪು, ಅಮೆರಿಕಗಳಲ್ಲಿ ಕೈಮೀರಿ ಹರಡಿ ಅಲ್ಲಿನ ಗುಲಗಂಜಿಗಳನ್ನೇ ಮೂಲೆಗೊತ್ತಿತು. ಫ್ರಾನ್ಸಿನಲ್ಲಿಯೂ ಜಪಾನಿನಲ್ಲಿಯೂ ಅದೇ ಹುಳುವಿನ ಹಾರಲಾರದ ತಳಿಯನ್ನು ಆರಿಸಿ ಬೆಳೆಸಿದ್ದಾರೆ. ಬಿಟ್ಟಲ್ಲೇ ಇರುತ್ತದೆ, ಬಿಟ್ಟಲ್ಲೇ ತಿನ್ನುತ್ತದೆ. ತಳಿಸುಧಾರಣೆಯಿಂದ ಎಂಥ ಸೂಕ್ಷ್ಮ ಕೆಲಸ ಸಾಧ್ಯವೆಂಬುದಕ್ಕೆ ಇದು ಸಾಕ್ಷಿ. ನಮ್ಮ ದೇಶದಲ್ಲಂತೂ 1795ರಲ್ಲಿಯೇ ಇಂಥದೊಂದು ತಮಾಷೆ ನಡೆದಿತ್ತು. ಕೆಂಪು ಬಣ್ಣ ತೆಗೆಯುವ ಕೀಟವೆಂದು ಬ್ರೆಜಿಲಿನಿಂದ ತಂದದ್ದು ಬೇರೆಯದೇ ಜಾತಿಯಾಗಿ, ಬಣ್ಣ ಕೊಡದೆ ಪಾಪಾಸಕಳ್ಳಿಯನ್ನು ತಿಂದು ತೀರಿಸಿತು. ತಪ್ಪಿನಿಂದ ಒಳ್ಳೆಯದಾಯಿತು. ಪ್ರತಿ ಸಲ ಹಾಗಾಗುವುದಿಲ್ಲವಾದ್ದರಿಂದಲೇ ಹೊರಗಿನಿಂದ ತರುವುದಕ್ಕಿಂತ ಇಲ್ಲಿ ಇರುವುದನ್ನು ಸುಧಾರಿಸುವುದು ಕ್ಷೇಮವೆಂದು ನನ್ನ ಎಣಿಕೆ.

ಈಗ ಚೀಟಿಯ ಮಾತು. 1966ರ ಬೀಜ ಕಾಯಿದೆಯಿಂದಾಗಿ ಪ್ರಮಾಣಿತ ಬೀಜದ ಚೀಲಕ್ಕೊಂದು ಚೀಟಿ ಬಂತು. ತಳಿ ಯಾವುದು, ಮೊಳಕೆ ಎಷ್ಟು, ಪರೀಕ್ಷೆ ಎಂದು ಎಂಬುದನ್ನು ಓದು ಬಾರದವನೂ ಮಗನಿಂದ ಓದಿಸಿಕೊಳ್ಳುತ್ತಾನೆ. 1968ರ ಕೀಟನಾಶಕ ಕಾಯಿದೆಯಡಿ ವಿಷದ ಡಬ್ಬಿಗೆ ನೋಂದಣಿ ಬೇಕು. ಬೇವಿನ ಔಷಧಕ್ಕೂ, ಬೂಷ್ಟು, ನಂಜಾಣುಗಳಿಂದ ಮಾಡಿದ ಜೈವಿಕ ಔಷಧಕ್ಕೂ ಬೇಕು. ಕಣಜ, ಗುಲಗಂಜಿ, ಜಾಲರೆಕ್ಕೆಗಳಂಥ ಕಣ್ಣಿಗೆ ಕಾಣುವ ಕೀಟಗಳಿಗೆ ಮಾತ್ರ ಆ ನೋಂದಣಿಯ ಕಟ್ಟಿಲ್ಲ. ಅದು ಸಾಕುವವರಿಗೆ ಅನುಕೂಲವೇ. ಕಚೇರಿ ಅಲೆಯದೆ ಹಳ್ಳಿಯ ಹೆಣ್ಣುಮಕ್ಕಳ ಸಂಘವೂ ಕಾರ್ಡು ಮಾಡಬಹುದು. ಆ ಸ್ವಾತಂತ್ರ್ಯ ಉಳಿಯಲಿ. ಆದರೆ ಕಾರ್ಡಿನ ಬೆನ್ನಿಗೆ ತಳಿಯ ಹೆಸರು, ಮೊಟ್ಟೆ ಒಪ್ಪಿಸಿದ ದಿನಾಂಕ, ಕಣಜ ಹೊರಬರುವ ದಿನಾಂಕ, ನೂರಕ್ಕೆ ಎಷ್ಟು ಹೊರಬರುತ್ತವೆ, ಹೆಪ್ಪು ಹೊಲದಿಂದ ಬಂದು ಎಷ್ಟು ದಿನವಾಯಿತು ಇಷ್ಟನ್ನು ಬರೆಯಲು ಯಾವ ಕಾಯಿದೆ ಅಡ್ಡಿ? ನನ್ನ ವಿದ್ಯಾರ್ಥಿಯ ನಾಲ್ಕು ಕಾರ್ಡುಗಳ ಬೆನ್ನು ಬೋಳಾಗಿತ್ತು. ಯಾರು ಕಳಿಸಿದರೆಂದು ನಾನು ಹೇಳುವುದಿಲ್ಲ, ಕಳಿಸಿದವರು ಮೋಸಗಾರರೂ ಅಲ್ಲ. ಅವರಿಗೆ ಯಾರೂ ಕೇಳಿರಲಿಲ್ಲ, ಅಷ್ಟೆ. ಕೇಳೋಣವೆಂದು ನಾನೇ ಫೋನು ಮಾಡಿದೆ. ತಳಿ ಯಾವುದು ಎಂದೆ. ಆ ಕಡೆಯವರು ಸ್ವಲ್ಪ ಹೊತ್ತು ಸುಮ್ಮನಿದ್ದು, "ಹುಳಕ್ಕ ಎಂಥಾ ತಳಿರೀ, ಹುಳ ಅಂದ್ರ ಹುಳಾನ" ಎಂದರು.

ಬಿಸಿಲು ತಾಳುವ ತಳಿ ಬೆಂಗಳೂರಿನಲ್ಲಿ ಇದೆ. ಅದು ಬೇಕೆಂದು ಕೇಳುವ ರೈತ ರಾಮದುರ್ಗದಲ್ಲಿ ಇದ್ದಾನೆ. ನಡುವೆ ಇರುವುದು ಬಸ್ಸಿನ ಪಾರ್ಸೆಲ್ಲು. ತಾಲೂಕಿಗೊಂದು ಬೇಡ, ನಾಲ್ಕು ತಾಲೂಕಿಗೆ ಸೇರಿ ಒಂದು ಸಾಕಣೆ ಕೇಂದ್ರ ಸವದತ್ತಿಯಲ್ಲೋ ಬೈಲಹೊಂಗಲದಲ್ಲೋ ಇದ್ದು, ಅಲ್ಲಿ ನಮ್ಮ ಹೊಲದ ಹೆಪ್ಪನ್ನು ನಮ್ಮ ಬಿಸಿಲಿನಲ್ಲಿ ಆರಿಸುವ ಕೆಲಸ ನಡೆದರೆ ಪಾರ್ಸೆಲ್ಲಿನ ಎರಡು ದಿನ ಉಳಿಯುತ್ತವೆ. ಖರ್ಚಿನ ಬಾಬತ್ತು ಜೋಳದ ನುಚ್ಚು, ರಟ್ಟು, ಅಂಟು, ಒಂದು ತಂಪು ಕೋಣೆ, ಮತ್ತು ತಿಳಿವಳಿಕೆಯುಳ್ಳ ಇಬ್ಬರು ಮೂವರ ಸಂಬಳ. ಬಿ.ಎಸ್ಸಿ. ಮುಗಿಸಿ ಮನೆಯಲ್ಲಿ ಕುಳಿತ ನನ್ನ ಹಳೆಯ ವಿದ್ಯಾರ್ಥಿನಿಯರ ಹೆಸರುಗಳನ್ನೇ ಬೇಕಾದರೆ ಪಟ್ಟಿ ಮಾಡಿ ಕೊಡುತ್ತೇನೆ. ಕಣ್ಣು ಚುರುಕು, ಕೈ ಹಗುರ, ಲೆಕ್ಕ ಬರೆದಿಡುವ ಶಿಸ್ತು. ತಳಿ ಆರಿಸುವವರಿಗೆ ಬೇಕಾದದ್ದು ಅದೇ. ನನ್ನ ಅಜ್ಜಿಗೂ ಇದ್ದದ್ದು ಅದೇ.

ಆ ಹುಡುಗ ಅಂದು ಎಣ್ಣೆ ಹೊಡೆದನೋ ಎಂದು ನೀವು ಕೇಳಬಹುದು. ಮೂರು ಎಕರೆಗೆ ಹೊಡೆದ. ಒಂದು ಎಕರೆ ಬಿಟ್ಟ. ಅದಕ್ಕೆ ತಾನೇ ಹೋಗಿ ಮತ್ತೊಂದು ಕಾರ್ಡು ತಂದ. ಸ್ಟೀಲಿನ ಡಬ್ಬಿಯಲ್ಲಿಟ್ಟು, ಡಬ್ಬಿಗೆ ಒದ್ದೆ ಗೋಣಿ ಸುತ್ತಿ, ಸಂಜೆಯ ಬಸ್ಸಿಗೆ. ಎಲೆಯ ತಳಕ್ಕೆ ಚುಚ್ಚುವಾಗ ನಾನೂ ಹೋಗಿದ್ದೆ. ಕೆಲವು ವಾರಗಳ ನಂತರ ಹೋದಾಗ ಆ ಎಕರೆಯಲ್ಲಿಯೂ ಒಣಗಿದ ಸುಳಿಗಳಿದ್ದವು. ಒಂದನ್ನು ಕಿತ್ತು ನನ್ನ ಮೂಗಿಗೆ ಹಿಡಿದು, ಕೊಳೆತ ವಾಸನೆ ಬಂದರೆ ಕೊರಕನದೇ ಕೆಲಸವೆಂದು ತಿಳಿಯಬೇಕೆಂದು ನನಗೇ ಪಾಠ ಹೇಳಿದ. ಎಣಿಸಿದ್ದೀಯಾ ಎಂದೆ. ಎರಡೂ ಕಡೆಗೆ ಹತ್ತು ಹತ್ತು ಸಾಲು ಎಣಿಸಿ ಡೈರಿಯಲ್ಲಿ ಬರೆದಿದ್ದ. ಬಿಟ್ಟ ಎಕರೆಯಲ್ಲಿ ತುಸು ಕಡಿಮೆ. "ಭಾಳ ಅಲ್ಲ ಸರ, ತುಸಾನ" ಎಂದ. ಮುಂದಿನ ಬೇಸಿಗೆಗೆ ಎರಡು ಎಕರೆ ಬಿಡುವ ಯೋಚನೆ ಇದೆಯಂತೆ. ತಳಿಯ ಹೆಸರು ಕೇಳಿ ಬರಕೊಂಡು ಬಾ ಎಂದು ಹೇಳಿದ್ದೇನೆ.